ಕೋವಿಯ ಮರಕ್ಕೆ ಹಲಸಿನ ಬೆಣೆ

ಮುಸಫ್ಫಾ, ಅಬುಧಾಬಿ
ಅಕ್ಟೋಬರ್ 5, 2023

ಡೆನಿಸ್‌ಗೆ,

ನಿನ್ನ ನಂಬರನ್ನು ಫೋನಿನಿಂದ ತೆಗೆದು ಹಾಕಿದ್ದು ನಾನೇ. ಫೋನ್ ಕೆಟ್ಟಿದೆ ಅಂತ ಡ್ರೈವರ್ ಉಮರ್‌ನ ಹತ್ತಿರ ಹೇಳಿ ಕಳಿಸಿದ್ದು ಸುಳ್ಳು. ಬಾಯಿ ಬಿಟ್ಟರೆ ನಾನು ತುಳುವಿನಲ್ಲಿ ಬೈಯುತ್ತೇನೆ, ನೀನು ಕೊಂಕಣಿಯಲ್ಲಿ ಗೊಣಗುತ್ತೀಯ, ಅಲ್ಲಿಗೆ ಮುಗಿಯಿತು. ಕಾಗದದಲ್ಲಾದರೆ ಇಬ್ಬರಿಗೂ ಕನ್ನಡವೇ ಗತಿ, ಸ್ವಲ್ಪ ಮರ್ಯಾದೆ ಉಳಿಯುತ್ತದೆ. ನಮ್ಮ ವರ್ಕ್‌ಶಾಪಿನ ಪಿಕಪ್ ಎರಡು ವಾರಕ್ಕೊಮ್ಮೆ ಗುರುವಾರ ಮರ ತರಲು ದುಬೈಯ ಅಲ್ ಕುಸೈಸ್‌ಗೆ ಬರುವುದು ನಿನಗೆ ಗೊತ್ತೇ ಇದೆ. ನಿನ್ನ ಹೊಸ ಫ್ಲಾಟ್ ಅಲ್ ನಹ್ದಾದಲ್ಲಂತೆ, ಪಕ್ಕದಲ್ಲೇ ಆಯಿತು. ಉಮರ್ ತಂದುಕೊಡುತ್ತಾನೆ. ಅವನಿಗೆ ಕನ್ನಡ ಓದಲು ಬಾರದು, ಅದೂ ಒಳ್ಳೆಯದೇ.

ಮಗಳ ಮದುವೆ ಮುಗಿಸಿ, ಎರಡು ತಿಂಗಳ ರಜೆ ಕಳೆದು ಕಾರ್ಕಳದಿಂದ ಬಂದವನು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಮನೆಯವಳು ಹರಿಣಾಕ್ಷಿ ನಿನಗೆಂದೇ ಕಟ್ಟಿಕೊಟ್ಟ ಹಲಸಿನ ಹಪ್ಪಳವನ್ನು ನಿನ್ನ ಬೆಂಚಿನ ಮೇಲೆ ಇಡಲು ಹೋದೆ. ಅಲ್ಲಿ ಬೇರೆ ಯಾರೋ ಪ್ಲೈವುಡ್ ಕೊಯ್ಯುತ್ತಿದ್ದ. ಫೋರ್‌ಮನ್ ಪ್ರಿಯನ್ ಹಲ್ಲು ಕಿರಿದು ಹೇಳಿದ, "ಡೆನಿಸ್‌ನ ನಸೀಬ್ ತಿರುಗಿತು ಮೋಹನದಾಸ್. ದುಬೈಯ ಒಬ್ಬ ದೊಡ್ಡ ಅರ್ಬಾಬ್, ಭಾರೀ ಧಣಿ, ಬಂದು ಕರ್ಕೊಂಡು ಹೋದ. ಹಳೇ ಕೋವಿ ಸಂಗ್ರಹ ಮಾಡುವವನಂತೆ. ಫ್ಯಾಮಿಲಿ ವೀಸಾ, ಫ್ಲಾಟು, ಎಲ್ಲ ಉಂಟು." ನೀನು ಒಂದು ಮಾತು ಹೇಳಲಿಲ್ಲ. ಮದುವೆಯ ದಿನ ಫೋನ್ ಮಾಡಿ ಶುಭಾಶಯ ಹೇಳಿದೆಯಲ್ಲ, ಆಗಲೂ ಹೇಳಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ ಹೋಟೆಲ್ ಕೆಲಸ ಬಿಟ್ಟು ಬಂದಾಗ ಕೀಸುಳಿಯನ್ನು ಯಾವ ಕಡೆಯಿಂದ ಹಿಡಿಯಬೇಕು ಅಂತ ನಿನಗೆ ಗೊತ್ತಿರಲಿಲ್ಲ. ನಿನ್ನ ಕೈ ಮೇಲೆ ನನ್ನ ಕೈ ಇಟ್ಟು ಕೀಸಿಸಿದ್ದೇನೆ. ನಾಲ್ಕು ತಲೆಮಾರಿನಿಂದ ಉಳಿ ಹಿಡಿದ ಮನೆಯವನು ನಾನು. ಜೂನ್‌ನಲ್ಲಿ ಯಾರದೋ ಮಂದೂಸ್ ಬಂದಿತ್ತಲ್ಲ, ಅರಬರ ಆ ಹಳೇ ಮದುವೆ ಪೆಟ್ಟಿಗೆ, ಅದರ ಮುರಿದ ಮೂಲೆ ಜೋಡಿಸಿದಾಗ "ಜೋಡು ಎಲ್ಲಿ ಉಂಟೂಂತ ನಂಗೇ ಗೊತ್ತಾಗುದಿಲ್ಲ ಮೋಹನಣ್ಣ" ಅಂತ ಹೇಳಿದ್ದು ನೀನೇ. ನಮ್ಮ ಅಪ್ಪನ ಪದ್ಧತಿಯಂತೆ ಒಳಮೈಯಲ್ಲಿ ಅಕ್ಕಿಕಾಳಿನಷ್ಟು ಹಲಸಿನ ಬೆಣೆ ಹೊಡೆದಾಗ ನಕ್ಕಿದ್ದೂ ನೀನೇ. "ಒಳಗೆ ಹಾಕಿದ್ರೆ ಯಾರು ನೋಡ್ತಾರೆ ಮಾರಾಯ್ರೆ?" ಯಾರೂ ನೋಡುವುದು ಬೇಡ. ಜೋಡಿಸಿದ್ದು ನಾವು ಅಂತ ಮರಕ್ಕೆ ಗೊತ್ತಿದ್ದರೆ ಸಾಕು ಅಂತ ಅಪ್ಪ ಹೇಳುತ್ತಿದ್ದರು.

ನಾನು ಇಲ್ಲದ ಎರಡು ತಿಂಗಳಲ್ಲಿ ಅರ್ಬಾಬ್ ಬರಬೇಕು, ನಿನ್ನನ್ನೇ ಆರಿಸಬೇಕು. ನನಗೆ ಹೊಟ್ಟೆಕಿಚ್ಚು ಡೆನಿಸ್. ಬೇರೆ ಹೆಸರಿಟ್ಟು ಬರೆಯಲು ನನಗೆ ಬರುವುದಿಲ್ಲ. ಹಪ್ಪಳ ನಾವೇ ರೂಮಿನಲ್ಲಿ ಕಾಯಿಸಿ ತಿಂದೆವು.

ಮೋಹನದಾಸ್


ಅಲ್ ನಹ್ದಾ, ದುಬೈ
ಅಕ್ಟೋಬರ್ 19, 2023

ಪ್ರೀತಿಯ ಮೋಹನಣ್ಣನಿಗೆ,

ನಿಮ್ಮ ಕಾಗದವನ್ನು ಮನೆಯಲ್ಲಿ ಲವಿನಾಳಿಗೆ ಓದಿ ಹೇಳಿದೆ. ಹಪ್ಪಳದ ಸಾಲು ಬಂದಾಗ ಅವಳು ನಕ್ಕಳು, ನನಗೆ ನಗು ಬರಲಿಲ್ಲ. ಹೇಳದೆ ಬಂದದ್ದು ತಪ್ಪು. ಮದುವೆ ಗಡಿಬಿಡಿಯಲ್ಲಿ ಹೇಳುವುದು ಬೇಡ ಅಂದುಕೊಂಡೆ, ಆಮೇಲೆ ಹೇಗೆ ಹೇಳುವುದು ಅಂತ ತಿಳಿಯಲಿಲ್ಲ.

ಇಲ್ಲಿಯ ಕೆಲಸದ ಬಗ್ಗೆ ಬರೆಯುತ್ತೇನೆ, ನಿಮಗಲ್ಲದೆ ಇದು ಇನ್ನಾರಿಗೂ ಅರ್ಥವಾಗುವುದಿಲ್ಲ. ಅರ್ಬಾಬ್‌ನ ವಿಲ್ಲಾದ ಹಿಂದೆ ತಣ್ಣಗಿನ ಒಂದು ಉದ್ದ ಹಾಲ್. ಗೋಡೆಯಲ್ಲಿ ಇಪ್ಪತ್ತಮೂರು ಕೋವಿ. ಎಲ್ಲ ಚೀನಾದ ಸೈನ್ಯದವು, ಎಲ್ಲ ಒಂದೇ ಐವತ್ತಾರನೇ ಮಾದರಿ. ಗುಂಡು ಹಾರದಂತೆ ಮಾಡಿ, ಪೊಲೀಸರ ಕಾಗದ ಮಾಡಿಸಿ ಇಟ್ಟದ್ದು. ಮೊದಲ ದಿನ ನನಗೆ ಇಪ್ಪತ್ತಮೂರೂ ಒಂದೇ ಥರ ಕಂಡವು. ಅರ್ಬಾಬ್ ಹೇಳಿದರು, "ಕಬ್ಬಿಣ ನೋಡಬೇಡ, ಅದನ್ನು ನೋಡುವವರು ಸಾವಿರ ಜನ ಇದ್ದಾರೆ. ಮರ ನೋಡು." ಈಗ ನೋಡಿದರೆ ಒಂದರ ಹಾಗೆ ಇನ್ನೊಂದಿಲ್ಲ. ಕೆಲವಕ್ಕೆ ಬಿಳಿಚಿದ, ಭಾರದ, ಬಿಗಿಯಾದ ಮರ. ಹೆಚ್ಚಿನವಕ್ಕೆ ಹಗುರ ಮರ, ಮೇಲೆ ಕಿತ್ತಳೆಗೆಂಪು ಪಾಲಿಶ್. ಹೆಗಲಿಗೆ ತಾಗುವ ತುದಿಯಲ್ಲಿ ಸಣ್ಣ ಬಾಗಿಲಿನ ಗೂಡು, ನಳಿಗೆ ಉಜ್ಜುವ ಸಾಮಾನು ಇಡಲಿಕ್ಕೆ. ಹೆಗಲಿಗೆ ಹಾಕುವ ಪಟ್ಟಿಯ ಬಳೆ ಕೆಲವಕ್ಕೆ ಅಡಿಯಲ್ಲಿ, ಕೆಲವಕ್ಕೆ ಎಡಮಗ್ಗುಲಲ್ಲಿ. ಮುಂದಿನ ಚೂರಿ ಮಡಚಿ ಕೂರುವ ಕಾಲುವೆ ಕೆಲವಕ್ಕೆ ಚಪ್ಪಟೆ ಅಲಗಿಗೆ ಕಡಿದದ್ದು, ಕೆಲವಕ್ಕೆ ಮುಳ್ಳಿನಂಥ ಮೂರು ಮೂಲೆಯ ಚೂರಿಗೆ ಕಡಿದದ್ದು. ಕಬ್ಬಿಣದಲ್ಲಿರುವ ನಂಬರನ್ನೇ ಮರದ ಮೇಲೂ ಒತ್ತಿದ್ದಾರೆ. ಎರಡೂ ಒಂದೇ ಆದರೆ ಮಾತ್ರ ಅದು ಹುಟ್ಟಿದಾಗಿನ ಜೋಡಿ, ಇಲ್ಲದಿದ್ದರೆ ಯಾರೋ ಮರ ಬದಲಿಸಿದ್ದಾರೆ ಅಂತ ಲೆಕ್ಕ. ಈ ವ್ಯತ್ಯಾಸಗಳನ್ನೆಲ್ಲ ಬರೆದಿಡುವುದು, ಮರವನ್ನು ಹುಳಹುಪ್ಪಟೆಯಿಂದ ಕಾಯುವುದು ನನ್ನ ಕೆಲಸ.

ಕಬ್ಬಿಣ ಹಾಲ್ ದಾಟಿ ಹೊರಗೆ ಹೋಗುವಂತಿಲ್ಲ. ಮರವನ್ನು ಬಿಚ್ಚಿ ಮನೆಗೆ ತರಲು ಅನುಮತಿ ಇದೆ. ಎರಡು ತುಂಡು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ, ನಳಿಗೆಯ ಮೇಲೆ ಕೂರುವ ಹಿಡಿಗಳು. ಇವು ಯಾವ ಮರ ಅಂತ ನನಗೆ ತಿಳಿಯುತ್ತಿಲ್ಲ. ಅರ್ಬಾಬ್ ದಿನಾ ಕೇಳುತ್ತಾರೆ. ನೀವು ಕೈಯಲ್ಲಿ ಹಿಡಿದರೆ ಹೇಳಿಬಿಡುತ್ತೀರಿ. ಸಿಟ್ಟಿದ್ದರೂ ಹೇಳಿ ಮೋಹನಣ್ಣ.

ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.
ನಿಮ್ಮ ಡೆನಿಸ್


ಮುಸಫ್ಫಾ
ನವೆಂಬರ್ 2, 2023

ಡೆನಿಸ್‌ಗೆ,

ಗುರುತು ಹಾಕದೆ ಕಳಿಸಿದ್ದೀಯ, ನಾನೇ ಒಂದಕ್ಕೆ ಕೆಂಪು ದಾರ, ಒಂದಕ್ಕೆ ಬಿಳಿ ದಾರ ಕಟ್ಟಿದ್ದೇನೆ. ಬಿಳಿ ದಾರದ್ದು ಬರ್ಚ್. ಇಲ್ಲಿ ಕಿಚನ್ ಕ್ಯಾಬಿನೆಟ್‌ಗೆ ಬರುವ ಬರ್ಚ್ ಪ್ಲೈವುಡ್ ಎಷ್ಟು ಕೊಯ್ದಿಲ್ಲ ನಾವು, ಮೂಸಿ ನೋಡಿದ್ದರೆ ನಿನಗೇ ಗೊತ್ತಾಗುತ್ತಿತ್ತು. ಚಳಿದೇಶದ ಮರ ಅದು. ರಷ್ಯಾದವರು ಚೀನಾದವರಿಗೆ ಕೆಲಸ ಕಲಿಸಿಕೊಟ್ಟ ಹೊಸದರಲ್ಲಿ ಅವರ ಮರವೂ ಬಂದಿರಬೇಕು. ಕೆಂಪು ದಾರದ್ದು ಚೀನಾದ್ದೇ ಹಗುರ ಮರ. ಹೆಸರು ನನಗೆ ಗೊತ್ತಿಲ್ಲ, ಸ್ವಭಾವ ಗೊತ್ತು. ನಮ್ಮ ಶಿವನೆ ಮರದ ಹಾಗೆ: ಬೇಗ ಬೆಳೆಯುತ್ತದೆ, ಉಳಿಗೆ ಬಗ್ಗುತ್ತದೆ, ಬಿಸಿಲಿಗೆ ಸೊಟ್ಟಗಾಗುವುದಿಲ್ಲ, ಬಿದ್ದರೆ ಮಾತ್ರ ತಗ್ಗಾಗುತ್ತದೆ. ಅಪ್ಪ ಶಿವನೆಯಲ್ಲಿ ಯಕ್ಷಗಾನದ ಕಿರೀಟ ಕೆತ್ತುತ್ತಿದ್ದರು.

ಇನ್ನೊಂದು ವಿಷಯ, ನೀನು ಕೇಳದಿದ್ದರೂ ಹೇಳುತ್ತೇನೆ. ಕೆಂಪು ದಾರದ ತುಂಡಿನ ಒಳಮೈಯನ್ನು ಕಡಿದವನು ಎಡಗೈಯವನು. ಉಳಿಯ ಏಟುಗಳು ವಾಲಿದ ದಿಕ್ಕು ನೋಡು. ಪಾಪ, ದಿನಕ್ಕೆ ಇಂಥ ನೂರು ತುಂಡು ಕಡಿದಿರಬೇಕು, ಆದರೂ ಮೂಲೆ ಚೊಕ್ಕವಾಗಿದೆ. ಇಷ್ಟು ವರ್ಷದ ಮೇಲೆ ಒಬ್ಬ ಶ್ರೀಮಂತ ತನ್ನ ಕೆಲಸವನ್ನು ತಣ್ಣಗಿನ ಹಾಲ್‌ನಲ್ಲಿ ಇಟ್ಟು ನೋಡುತ್ತಾನೆ ಅಂತ ಅವನಿಗೆ ಗೊತ್ತಿರಲಿಕ್ಕಿಲ್ಲ. ನೋಡು, ಆ ಸತ್ತುಹೋದ ಚೀನಾದವನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನಾನು ಮಾಡಿದ ಬಾಗಿಲುಗಳು ಈ ಊರಿನ ಎಷ್ಟು ಮನೆಯಲ್ಲಿವೆ, ಒಂದನ್ನಾದರೂ ಯಾರಾದರೂ ಮುಟ್ಟಿ ನೋಡಿದ್ದಾರೆಯೇ?

ಭಾನುವಾರ ಹರಿಣಾಕ್ಷಿ ಫೋನಿನಲ್ಲಿ ಹೇಳಿದಳು, "ಡೆನಿಸ್ ಹೆಂಡ್ತಿಯನ್ನು ಕರೆಸಿಕೊಂಡನಂತೆ. ಲವಿನಾ ಕ್ರೀಕ್‌ನ ಹತ್ರ ನಿಂತ ಫೋಟೋ ಹಾಕಿದ್ದಾಳೆ." ಅಷ್ಟೇ ಹೇಳಿದ್ದು. ಇಪ್ಪತ್ತೊಂದು ವರ್ಷದಲ್ಲಿ ಅವಳು ಒಂದು ಸಲವೂ ಇಲ್ಲಿಗೆ ಬಂದಿಲ್ಲ, ಅದನ್ನು ಅವಳು ಹೇಳಲಿಲ್ಲ. ಆಮೇಲೆ ತೆಂಗಿನಕಾಯಿ ವಿಷಯ ಮಾತಾಡಿದಳು. ನಮ್ಮ ರೂಮಿನಲ್ಲಿ ಆರು ಜನ, ಗೊತ್ತಲ್ಲ ನಿನಗೆ. ಫೋನ್ ಇಟ್ಟ ಮೇಲೆ ನಾನು ಮೇಲಿನ ಬಂಕ್ ಹತ್ತಿ ಗೋಡೆ ಕಡೆ ತಿರುಗಿ ಮಲಗಿದೆ.

ಮೋಹನದಾಸ್


ಅಲ್ ನಹ್ದಾ
ನವೆಂಬರ್ 16, 2023

ಪ್ರೀತಿಯ ಮೋಹನಣ್ಣನಿಗೆ,

ನೀವು ಹೇಳಿದ್ದು ಎಲ್ಲ ಸರಿ. ಅರ್ಬಾಬ್ ಹಳೇ ಪುಸ್ತಕ ತೆಗೆದು ನೋಡಿದರು, ಬರ್ಚ್ ಅಂತಲೇ ಇತ್ತು. ಎಡಗೈಯ ವಿಷಯ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಕೇಳಿ ಅವರು ಆ ತುಂಡನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡೇ ಕೂತರು.

ಒಂದು ಉಪಕಾರ ಬೇಕು. ಒಂಬತ್ತನೇ ಕೋವಿಯ ಮರ ಕುತ್ತಿಗೆಯಲ್ಲಿ ಸೀಳಿದೆ, ಬೆರಳು ಸುತ್ತುವ ಸಪೂರ ಜಾಗದಲ್ಲಿ. ಜೋಡಿಸಲು ನನಗೆ ಹೇಳಿದ್ದಾರೆ. ಸೀಳು ಓರೆಯಾಗಿ ಒಳಗೆ ಹೋಗಿದೆ, ನನ್ನ ಕೈಯಲ್ಲಿ ಆಗುವ ಕೆಲಸವಲ್ಲ. ಕಳಿಸಲೇ? ಮಗ ಶರ್ವಿನ್‌ಗೆ ಶಾಲೆ ಸಿಕ್ಕಿತು. ಮಾತಾಡಿಸಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾನೆ. ನಿಮ್ಮನ್ನು ಮಾತ್ರ "ಮೋಹನ್ ಮಾಮ" ಅಂತಲೇ ಕೇಳುತ್ತಾನೆ.

ನಿಮ್ಮ ಡೆನಿಸ್


ಮುಸಫ್ಫಾ
ನವೆಂಬರ್ 30, 2023

ಡೆನಿಸ್‌ಗೆ,

ಕಳಿಸು.

ಬರ್ಚ್ ಅಂತ, ಎಡಗೈಯವನು ಅಂತ ಹೇಳಿದ್ದು ಯಾರು ಎಂದು ಅರ್ಬಾಬ್‌ಗೆ ಹೇಳಿದ್ದೀಯಾ? ಉತ್ತರ ಬರೆಯುವುದು ಬೇಡ. ಹೇಳಿದ್ದರೆ ನೀನೇ ಹಿಂದಿನ ಕಾಗದದಲ್ಲಿ ಬರೆಯುತ್ತಿದ್ದೆ.

ಮೋಹನದಾಸ್


ಅಲ್ ನಹ್ದಾ
ಡಿಸೆಂಬರ್ 29, 2023

ಮೋಹನಣ್ಣ,

ಉಮರ್ ಬರುವವರೆಗೆ ಕಾಯಲು ಆಗುವುದಿಲ್ಲ, ಇದನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದೇನೆ. ನಿನ್ನೆ ಕಟ್ಟು ಬಿಚ್ಚಿದೆ. ಇದು ಬೇರೆ ಮರ ಅಂತಲೇ ಮೊದಲು ಅನ್ನಿಸಿತು. ಕನ್ನಡಿಯ ಹಾಗೆ ಹೊಳೆಯುತ್ತಿದೆ. ಕಿತ್ತಳೆಗೆಂಪು ಪಾಲಿಶ್ ಹೋಗಿದೆ, ಒತ್ತಿದ ನಂಬರ್ ಹೋಗಿದೆ, ಬೆವರು ಹಿಡಿದು ಕಪ್ಪಾದ ಜಾಗ ಹೋಗಿದೆ. ಹೆಗಲ ತುದಿಯ ಹತ್ತಿರ ಏಳು ಗೀರು ಇತ್ತು. ಯಾವ ಸಿಪಾಯಿ ಯಾಕೆ ಗೀರಿದ್ದು ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೇ ಅರ್ಬಾಬ್‌ಗೆ ಇಪ್ಪತ್ತಮೂರರಲ್ಲಿ ಅದರ ಮೇಲೆಯೇ ಪ್ರಾಣ. ಅದೂ ಇಲ್ಲ.

ಸೀಳು ಎಲ್ಲಿತ್ತು ಅಂತ ಹುಡುಕಿದರೂ ಸಿಗಲಿಲ್ಲ. ಅಷ್ಟು ಚೆನ್ನಾಗಿ ಜೋಡಿಸಿದ್ದೀರಿ. ಮೇಲ್ಮೈ ಮುಟ್ಟಬೇಡಿ, ಈ ಮರಕ್ಕೆ ಹಳೆತನವೇ ಬೆಲೆ ಅಂತ ಎರಡು ಹಾಳೆ ಬರೆದು ಮರದ ಜೊತೆಗೇ ಬಟ್ಟೆಯೊಳಗೆ ಇಟ್ಟಿದ್ದೆನಲ್ಲ? ಆ ಕಾಗದ ನಿಮಗೆ ಸಿಗಲಿಲ್ಲವೇ? ಸಿಕ್ಕಿಲ್ಲ ಅಂತ ಒಂದು ಮಾತು ಬರೆಯಿರಿ. ಸಿಕ್ಕಿದ ಮೇಲೆ ಹೀಗೆ ಮಾಡಿದ್ದೀರಿ ಅಂತ ನಾನು ಹೇಗೆ ನಂಬಲಿ?

ಹದಿನೈದಕ್ಕೆ ಅರ್ಬಾಬ್ ಲಂಡನ್‌ನಿಂದ ಬರುತ್ತಾರೆ. ನನ್ನ ವೀಸಾ, ಲವಿನಾ, ಮಗುವಿನ ಶಾಲೆ ಎಲ್ಲ ಈ ಒಂದು ಮರದ ಮೇಲೆ ನಿಂತಿದೆ.

ಡೆನಿಸ್


ಮುಸಫ್ಫಾ
ಜನವರಿ 11, 2024

ಡೆನಿಸ್‌ಗೆ,

ಯಾವ ಕಾಗದವೂ ಬಂದಿಲ್ಲ. ಬಟ್ಟೆ ಬಿಚ್ಚಿದರೆ ಮರ ಮಾತ್ರ ಇತ್ತು. ಉಮರ್ ದಾರಿಯಲ್ಲಿ ಎಲ್ಲೋ ಬೀಳಿಸಿರಬೇಕು, ಅವನಿಗೆ ಮೊದಲಿನಿಂದಲೂ ಜಾಗ್ರತೆ ಕಡಿಮೆ. ಪ್ರಿಯನ್‌ನ ಕಿವಿಗೂ ಹಾಕಿದ್ದೇನೆ.

ಮುರಿದ ಮರ ಬಡಗಿಯ ಹತ್ತಿರ ಬಂದರೆ ಬಡಗಿ ಏನು ಮಾಡುತ್ತಾನೆ? ಜೋಡಿಸುತ್ತಾನೆ, ಉಜ್ಜುತ್ತಾನೆ, ಹೊಸದು ಮಾಡಿ ಕೊಡುತ್ತಾನೆ. ಕೊಳಕು ಹಾಗೇ ಬಿಟ್ಟು ಕೊಟ್ಟರೆ ನಮ್ಮಲ್ಲಿ ಮುಖಕ್ಕೆ ಎಸೆಯುತ್ತಾರೆ. ಮೂರು ನಮೂನೆಯ ಸ್ಯಾಂಡ್ ಪೇಪರ್ ಹಾಕಿ, ಒಂಬತ್ತು ಕೈ ಪಾಲಿಶ್ ಕೊಟ್ಟಿದ್ದೇನೆ. ಅಂಥ ಕೆಲಸ ನಿನ್ನ ಅರ್ಬಾಬ್ ಜನ್ಮದಲ್ಲಿ ನೋಡಿರಲಿಕ್ಕಿಲ್ಲ. ನೋಡಲಿ.

ಮೋಹನದಾಸ್


ಅಲ್ ನಹ್ದಾ
ಜನವರಿ 25, 2024

ಮೋಹನಣ್ಣ,

ಉಮರ್ ಈಗ ಪಿಕಪ್ ಓಡಿಸುತ್ತಿಲ್ಲವಂತೆ. ನೀವು ಹೇಳಿದ ಮೇಲೆ ಪ್ರಿಯನ್ ಅವನನ್ನು ಮರ ಇಳಿಸುವ ಕೆಲಸಕ್ಕೆ ಹಾಕಿದನಂತೆ. ಇಂದು ಬಂದ ಹೊಸ ಡ್ರೈವರ್ ರಯಾನ್ ಹೇಳಿದ. ಉಮರ್‌ನ ಸೊಂಟ ಸರಿಯಿಲ್ಲ ಅಂತ ನಿಮಗೂ ಗೊತ್ತು. ನನ್ನ ಎರಡು ಹಾಳೆಗಾಗಿ ಅವನಿಗೆ ಹೀಗಾಯಿತಲ್ಲ ಅಂತ ಬೇಜಾರಾಗಿದೆ.

ಅರ್ಬಾಬ್ ಬಂದರು. ಮರವನ್ನು ಮೇಜಿನ ಮೇಲಿಟ್ಟು ನಾನು ಹೇಳಿದೆ, ಉಜ್ಜಿದ್ದು ನಾನೇ, ಗೊತ್ತಾಗದೆ ಮಾಡಿದೆ ಅಂತ. ನಿಮ್ಮ ಹೆಸರು ಹೇಳಲಿಲ್ಲ. ಅವರು ಬೈಯಲಿಲ್ಲ. ಗೀರು ಇದ್ದ ಜಾಗದಲ್ಲಿ ಹೆಬ್ಬೆರಳು ಆಡಿಸಿದರು. ಆಮೇಲೆ ಮರವನ್ನು ಮಗುಚಿ, ಟಾರ್ಚ್ ಹಿಡಿದು ಒಳಮೈ ನೋಡತೊಡಗಿದರು. ಕುತ್ತಿಗೆಯ ಹತ್ತಿರ ಹಳದಿ ಬಣ್ಣದ ಒಂದು ಕಾಳು. ನಿಮ್ಮ ಹಲಸಿನ ಬೆಣೆ. ಅವರು ಆಳನ್ನು ಕರೆದು ಒಳಗಿನಿಂದ ಒಂದು ಮಂದೂಸ್ ತರಿಸಿದರು. ಜೂನ್‌ನಲ್ಲಿ ನೀವು ಮೂಲೆ ಜೋಡಿಸಿದ ಅದೇ ಮಂದೂಸ್. ಅದನ್ನು ಕವುಚಿ ಹಾಕಿ ತೋರಿಸಿದರು. ಅಲ್ಲೂ ಅದೇ ಕಾಳು.

"ಈ ಎರಡೂ ಒಂದೇ ಕೈ," ಅಂದರು. "ನಿನ್ನ ಕೈ ಅಲ್ಲ. ಆರು ತಿಂಗಳಿನಿಂದ ನೋಡುತ್ತಿದ್ದೇನೆ, ನಿನ್ನ ಕೈ ನನಗೆ ಗೊತ್ತು."

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಜುಲೈಯಲ್ಲಿ ಅರ್ಬಾಬ್ ವರ್ಕ್‌ಶಾಪಿಗೆ ಬಂದದ್ದು ಆ ಮಂದೂಸ್ ಜೋಡಿಸಿದವನನ್ನು ಹುಡುಕಿಕೊಂಡು. ಪ್ರಿಯನ್ ಸೈಟಿಗೆ ಹೋಗಿದ್ದ. ಅವರು ನೇರ ನಮ್ಮ ಬೆಂಚಿನ ಹತ್ತಿರ ಬಂದು "ಯಾರು ಮಾಡಿದ್ದು?" ಅಂತ ಕೇಳಿದರು. ನಾನು ಬಾಯಲ್ಲಿ ಏನೂ ಹೇಳಲಿಲ್ಲ. ಕೈ ಎತ್ತಿದೆ. ಹದಿನಾಲ್ಕು ವರ್ಷ "ಮೋಹನದಾಸ್‌ನ ಹೆಲ್ಪರ್" ಅಂತ ಕರೆಸಿಕೊಂಡಿದ್ದೆ ಮೋಹನಣ್ಣ. ನೀವು ಚೆನ್ನಾಗಿ ಕಲಿಸಿದಿರಿ, ಚೆನ್ನಾಗಿ ಬೈದಿರಿ, ಯಾರಾದರೂ ಹೊಗಳಿದರೆ ನೀವೇ ಮುಂದೆ ನಿಂತಿರಿ. ಹೊಟ್ಟೆಕಿಚ್ಚು ನಿಮಗೊಬ್ಬರಿಗೇ ಅಂತ ತಿಳಿಯಬೇಡಿ. ಕಳೆದುಹೋದ ಕಾಗದದ ಎರಡನೇ ಹಾಳೆಯಲ್ಲಿ ಇದನ್ನೆಲ್ಲ ಬರೆದಿದ್ದೆ ಅಂತ ಈಗ ಹೇಳಿದರೆ ನೀವು ಯಾಕೆ ನಂಬುತ್ತೀರಿ?

ಹಾಲ್‌ನ ಕೀ ವಾಪಸು ತೆಗೆದುಕೊಂಡಿದ್ದಾರೆ. "ಹಳದಿ ಕಾಳಿನವನನ್ನು ಕರೆದುಕೊಂಡು ಬಾ, ಆಮೇಲೆ ನಿನ್ನ ವಿಷಯ ನೋಡೋಣ" ಅಂದಿದ್ದಾರೆ. ಅವರಿಗೆ ನಿಮ್ಮ ಮೇಲೆ ಸಿಟ್ಟೋ ಆಸೆಯೋ ನನಗೆ ಗೊತ್ತಿಲ್ಲ. ಲವಿನಾ ಸೂಟ್‌ಕೇಸ್ ಮಂಚದ ಅಡಿಯಿಂದ ಹೊರಗೆ ಎಳೆದಿಟ್ಟಿದ್ದಾಳೆ. ಶರ್ವಿನ್ ಅದರ ಮೇಲೆ ಕೂತು ಕೇಳಿದ, "ಡ್ಯಾಡಿ, ಆರ್ ವೀ ಗೋಯಿಂಗ್ ಬ್ಯಾಕ್?"

ಬನ್ನಿ ಅಂತ ಕರೆಯುವ ಮುಖ ನನಗಿಲ್ಲ. ಆದರೂ ಕರೆಯುತ್ತಿದ್ದೇನೆ.

ಡೆನಿಸ್


ಮುಸಫ್ಫಾ
ಫೆಬ್ರವರಿ 8, 2024

ಡೆನಿಸ್,

ಈ ಕಾಗದ ಉಮರ್‌ನ ಕೈಯಲ್ಲೇ ಬರುತ್ತದೆ. ಮೊನ್ನೆ ಪ್ರಿಯನ್‌ನ ಆಫೀಸಿಗೆ ಹೋಗಿ, ಎಲ್ಲರೂ ಇರುವಾಗಲೇ ಹೇಳಿದೆ, ಉಮರ್ ಏನೂ ಬೀಳಿಸಲಿಲ್ಲ, ಸುಳ್ಳು ಹೇಳಿದ್ದು ನಾನು ಅಂತ. ಪ್ರಿಯನ್ ನಗಲಿಲ್ಲ. ಉಮರ್ ಕೇಳಿದ, "ಯಾಕೆ ಅಣ್ಣಾ?" ಅಷ್ಟೇ. ಅವನು ಬೈದಿದ್ದರೆ ಒಳ್ಳೆಯದಿತ್ತು.

ನಿನ್ನ ಎರಡು ಹಾಳೆ ಡಿಸೆಂಬರ್ ಹದಿನಾಲ್ಕರಂದೇ ನನ್ನ ಕೈ ಸೇರಿತ್ತು. ಮೊದಲು ಕಾಗದವನ್ನು ಬದಿಗಿಟ್ಟು ಸೀಳು ಜೋಡಿಸಿದೆ. ಅದರಲ್ಲಿ ಯಾವ ಕಪಟವೂ ಇರಲಿಲ್ಲ, ನಾಲ್ಕು ದಿನ ಹಿಡಿಯಿತು. ಕೈ ತಾನಾಗಿ ಬೆಣೆ ಹೊಡೆಯಿತು. ಆಮೇಲೆ ಚಹಾ ಕುಡಿಯುತ್ತಾ ಮೊದಲ ಹಾಳೆ ಓದಿದೆ. ಮೇಲ್ಮೈ ಮುಟ್ಟಬೇಡಿ, ನಂಬರ್ ಇದೆ, ಏಳು ಗೀರು ಇದೆ ಅಂತ ನೀನು ಬರೆದಿದ್ದೆ. ಸರಿ ಅಂದುಕೊಂಡೆ. ಹಾಳೆಯ ಕೊನೆಯಲ್ಲಿ, "ಆ ಮಂದೂಸ್‌ನ ಮೂಲೆ ಮಾಡಿದೆಯಲ್ಲ, ಇದೂ ಹಾಗೇ ಕಾಣದಂತೆ ಇರಲಿ ಅಂತ ಅರ್ಬಾಬ್ ನನಗೆ ಹೇಳಿದ್ದಾರೆ" ಅಂತ ಇತ್ತು. ಅಲ್ಲಿಗೆ ಎಲ್ಲ ಗೊತ್ತಾಯಿತು. ನನ್ನ ಮಂದೂಸ್. ಅದನ್ನು ತೋರಿಸಿ ನೀನು ನನ್ನ ಜಾಗದಲ್ಲಿ ಹೋಗಿ ಕೂತಿದ್ದೀಯ. ಮುಂದೆ ಓದಲಿಲ್ಲ. ಹಾಳೆಗಳನ್ನು ಮಡಚಿ ಸಾಮಾನಿನ ಪೆಟ್ಟಿಗೆಯಲ್ಲಿ ಸಾಣೆಕಲ್ಲಿನ ಅಡಿಗೆ ತುರುಕಿದೆ. ಸ್ಯಾಂಡ್ ಪೇಪರ್ ತೆಗೆದೆ. ಗೀರಿನ ಜಾಗದಿಂದಲೇ ಶುರು ಮಾಡಿದೆ. ಗೊತ್ತಿದ್ದೇ ಮಾಡಿದ್ದು ಡೆನಿಸ್. ನನ್ನ ಕೈ ಎಂಥದ್ದು ಅಂತ ಅರ್ಬಾಬ್‌ಗೆ ತೋರಿಸಬೇಕಿತ್ತು, ನೀನು ಅವನ ಮುಂದೆ ಹಾಳಾಗಬೇಕಿತ್ತು. ಎರಡೂ ಒಟ್ಟಿಗೇ ಬೇಕಿತ್ತು.

ಆ ಏಳು ಗೀರನ್ನು ಕೊನೆಯದಾಗಿ ನೋಡಿದವನು ನಾನು. ಅಳಿಸುವ ಮೊದಲು ಬಡಗಿಯ ಕಣ್ಣು ಸುಮ್ಮನಿರಲಿಲ್ಲ. ಐದು ಗೀರು ಒಂದೇ ದಿನ, ಚೂರಿಯ ಮೊನೆಯಿಂದ ಎಳೆದದ್ದು. ಎರಡು ಆಮೇಲೆ, ಬೇರೆ ಕೈ, ಮೊಳೆಯಿಂದ. ಒಬ್ಬ ಸಿಪಾಯಿಯ ಕೋವಿ ಇನ್ನೊಬ್ಬನಿಗೆ ಹೋಗಿ, ಅವನು ಲೆಕ್ಕ ಮುಂದುವರಿಸಿದ ಹಾಗಿತ್ತು. ಯಾವುದರ ಲೆಕ್ಕವೋ. ಅಳತೆಗೆ ಸರಿಯಾಗಿ ಕಾಗದದ ಮೇಲೆ ಬರೆದಿಟ್ಟಿದ್ದೇನೆ. ಮರದ ಮೇಲೆ ಮತ್ತೆ ಗೀರಲು ನನಗೆ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗೀರುವುದಿಲ್ಲ.

ಇಪ್ಪತ್ತೆರಡನೇ ತಾರೀಕು ಪಿಕಪ್‌ನಲ್ಲಿ ಉಮರ್‌ನ ಜೊತೆ ಬರುತ್ತೇನೆ. ಅರ್ಬಾಬ್‌ನ ಮುಂದೆ ಹೇಳಬೇಕಾದ್ದನ್ನು ಹೇಳುತ್ತೇನೆ. ಮಂದೂಸ್ ಮಾಡಿದ್ದೂ ನಾನು, ಕೋವಿಯ ಮರ ಹಾಳು ಮಾಡಿದ್ದೂ ನಾನು. ಇಂಥವನಿಗೆ ಅವನು ಕೆಲಸ ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ. ಒಂದು ಸಣ್ಣ ಗೀರನ್ನೂ ಕಾಯುವವನು ಬೇಕು ಅಲ್ಲಿ, ಅದು ನೀನೇ. ಲವಿನಾಳಿಗೆ ಸೂಟ್‌ಕೇಸ್ ಒಳಗೆ ತಳ್ಳಲು ಹೇಳು, ನಾನು ಬಂದು ಹೋಗುವವರೆಗಾದರೂ. ಹೀಗೆಲ್ಲ ಬರೆಯುವಾಗಲೂ ಹೊಟ್ಟೆಕಿಚ್ಚು ಹೋಗಿಲ್ಲ. ನಿನ್ನ ಹೆಂಡತಿ ನಿನ್ನ ಜೊತೆ ಇದ್ದಾಳೆ, ನನ್ನವಳು ಫೋನಿನಲ್ಲಿದ್ದಾಳೆ. ಅದನ್ನು ಉಜ್ಜಿ ತೆಗೆಯಲು ನನ್ನ ಹತ್ತಿರ ಪೇಪರ್ ಇಲ್ಲ.

ನಿನ್ನ ಹಿಂದಿನ ಕಾಗದದಲ್ಲಿ ಎರಡನೇ ಹಾಳೆ ಅಂತ ಬರೆದಿದ್ದೆಯಲ್ಲ, ನಿನ್ನೆ ಪೆಟ್ಟಿಗೆ ತೆಗೆದು ಸಾಣೆಕಲ್ಲು ಎತ್ತಿದೆ. ಎಂಟು ವಾರ ಅದು ಅಲ್ಲೇ ಇತ್ತು. ಈಗ ಓದಿದೆ. ನಿನಗೇ ವಾಪಸು ಕಳಿಸುತ್ತಿದ್ದೇನೆ. ಎಣ್ಣೆ ಕಲೆ ನನ್ನದು.

ಮೋಹನದಾಸ್


(ಜೊತೆಗಿದ್ದ ಹಾಳೆ)

2

ಇದನ್ನು ಓದುವಾಗ ನಿಮಗೆ ಅರ್ಥ ಆಗಿರುತ್ತದೆ ಮೋಹನಣ್ಣ. ಹೌದು, ಮಂದೂಸ್ ನಾನು ಮಾಡಿದ್ದು ಅಂತ ಅರ್ಬಾಬ್ ತಿಳಿದಿದ್ದಾರೆ. ಹಾಗೆ ತಿಳಿಯುವ ಹಾಗೆ ಮಾಡಿದ್ದು ನಾನು. ಬರ್ಚ್ ಮರದ ಮಾತೂ ನನ್ನದೇ ಅಂದುಕೊಂಡಿದ್ದಾರೆ. ಐದು ತಿಂಗಳಿಂದ ತಣ್ಣಗಿನ ಹಾಲ್‌ನಲ್ಲಿ ಕೂತು ಬೆವರುತ್ತಿದ್ದೇನೆ.

ಲವಿನಾಳಿಗೆ ಹೇಳಿದೆ. ಅವಳು ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ "ಹೋಗಿ ಹೇಳಿ" ಅಂದಳು. ಈ ಮರ ನಿಮ್ಮಿಂದ ಬಂದ ದಿನವೇ ಹೇಳುತ್ತೇನೆ. ಅವರು ನನ್ನನ್ನು ಕಳಿಸಿದರೆ ಕಳಿಸಲಿ. ನಿಮ್ಮನ್ನು ಕರೆಸಿಕೊಂಡರೆ, ಹರಿಣಾಕ್ಷಿ ಅಕ್ಕ ಬರುವವರೆಗೆ ಈ ಫ್ಲಾಟ್ ಬಿಟ್ಟುಕೊಡಬೇಡಿ. ಬಾಲ್ಕನಿಯಲ್ಲಿ ಒಳ್ಳೆಯ ಗಾಳಿ ಬರುತ್ತದೆ, ಅವರಿಗೆ ಹಪ್ಪಳ ಒಣಗಿಸಲು ಆಗುತ್ತದೆ.

ಒಂದೇ ಒಂದು ಕೇಳಿಕೆ. ಒಳಮೈಗೆ ನಿಮ್ಮ ಹಲಸಿನ ಬೆಣೆ ಹೊಡೆಯಲು ಮರೆಯಬೇಡಿ. ಯಾರು ನೋಡ್ತಾರೆ ಅಂತ ಅವತ್ತು ನಕ್ಕಿದ್ದೆ. ಅರ್ಬಾಬ್‌ಗೆ ಅದನ್ನೇ ತೋರಿಸಿ ನಿಮ್ಮ ಹೆಸರು ಹೇಳುತ್ತೇನೆ.

ನಿಮ್ಮ ಡೆನಿಸ್
ಡಿಸೆಂಬರ್ 14, 2023